ಮೀನುಗಳಿಗೆ ಹೂವಿನ ಹೆಸರು

ಪಣಂಬೂರಿನ ಬಂದರಿಗೆ ಬರುವ ಹಡಗು ಸರಕು ಇಳಿಸುವ ಮೊದಲು ಕಾಗದಪತ್ರ ಇಳಿಸುತ್ತದೆ. ಆ ಕಾಗದಪತ್ರವನ್ನೇ ನಂಬಿ ಬದುಕಿದ್ದ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಕಂಪನಿಯಲ್ಲಿ ಪ್ರಾಪ್ತಿ ಕೆಲಸಕ್ಕಿದ್ದಳು. ಎರಡನೇ ಮಹಡಿಯ ತಣ್ಣನೆಯ ಕೋಣೆಯಲ್ಲಿ ಗುಂಯ್ ಎನ್ನುತ್ತಿದ್ದ ದೊಡ್ಡ ಸರ್ವರ್ ಒಂದನ್ನು ನೋಡಿಕೊಳ್ಳುವುದು ಅವಳ ಕೆಲಸ. ಸರ್ವರ್ ಒಂದೇ ಆದರೂ ಅದರ ಹೊಟ್ಟೆಯೊಳಗೆ ಹದಿನೇಳು ಯಂತ್ರಗಳಿದ್ದವು. ಕೈಗೆ ಸಿಗುವಂಥವಲ್ಲ, ವರ್ಚುವಲ್ ಮಷೀನುಗಳು. ಲೆಕ್ಕಪತ್ರಕ್ಕೆ ಒಂದು, ಮೇಲ್‌ಗೆ ಒಂದು, ಹಾಜರಿಗೆ ಒಂದು, ಹೀಗೆ ಒಂದೇ ಮನೆಯಲ್ಲಿ ಹದಿನೇಳು ಒಲೆ ಹೂಡಿದ ಹಾಗೆ.

ಅವುಗಳಿಗೆ ಹೆಸರಿಟ್ಟವಳೂ ಅವಳೇ. ಎಲ್ಲ ಮೀನಿನ ಹೆಸರು. ಲೆಕ್ಕದ ಯಂತ್ರ ಅಂಜಲ್, ಮೇಲ್ ಬೂತಾಯಿ, ಹಾಜರಿ ಬಂಗುಡೆ, ಮಾಲಿಕರ ಕಡತಗಳ ಯಂತ್ರ ಮಾಂಜಿ, ಏನಾದರೂ ಪರೀಕ್ಷೆ ಮಾಡಿ ಕೆಡಿಸಲಿಕ್ಕೆ ಇಟ್ಟದ್ದು ನಂಗ್. ಪ್ರತಿ ಹೆಸರಿನ ಮೊದಲಿಗೆ 'ಮೀನ್' ಎಂದು ಸೇರಿಸಿದ್ದಳು. ಅದಕ್ಕೊಂದು ಕಾರಣವಿತ್ತು. ಈ ಯಂತ್ರಗಳ ಬ್ಯಾಕಪ್ ತೆಗೆಯುವ ತಂತ್ರಾಂಶಕ್ಕೆ ಒಂದು ವೆಬ್ ಪುಟ ಇತ್ತು. 'ಹೆಸರಿನ ಮೊದಲಿಗೆ ಮೀನ್ ಎಂದು ಇರುವುದನ್ನೆಲ್ಲ ಪ್ರತಿ ರಾತ್ರಿ ನಕಲು ಮಾಡು' ಎಂದು ಆ ಪುಟದಲ್ಲಿ ಅವಳು ಒಂದೇ ಸಾಲಿನ ನಿಯಮ ಬರೆದಿಟ್ಟಿದ್ದಳು. ಹೊಸ ಯಂತ್ರ ಹುಟ್ಟಿದರೆ ಮೀನು ಎಂದು ಹೆಸರಿಟ್ಟರಾಯಿತು, ಅಂದಿನಿಂದಲೇ ಬಲೆಗೆ ಬೀಳುತ್ತಿತ್ತು. ಎಷ್ಟೋ ಸಲ ಯಾರದೋ ಕಡತ ಅಳಿಸಿಹೋದಾಗ ಪ್ರಾಪ್ತಿ ಆ ಪುಟ ತೆರೆದು, ಹಿಂದಿನ ರಾತ್ರಿಯ ನಕಲನ್ನು ಹುಡುಕಿ, 'ಮರಳಿಸು' ಎಂಬ ಗುಂಡಿ ಒತ್ತುತ್ತಿದ್ದಳು. ಹೋದದ್ದು ಬರುತ್ತಿತ್ತು. ಮಾತು ಕಡಿಮೆಯ ಹುಡುಗಿ ಅವಳು; ಆ ಗುಂಡಿಯೇ ಅವಳ ಪರವಾಗಿ ಮಾತಾಡುತ್ತಿತ್ತು ಎನ್ನಬಹುದು.

ಹೀಗಿರುವಾಗ ವಿಷ್ಣುಮೂರ್ತಿ ಬಂದರು. ದೇವಸ್ಥಾನದ ಅರ್ಚಕರ ಮನೆತನ, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ತಲೆ ನರೆಸಿಕೊಂಡವರು. ಸ್ವಯಂನಿವೃತ್ತಿ ತೆಗೆದುಕೊಂಡು ಇಲ್ಲಿಯ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥರಾಗಿ ಸೇರಿದ್ದರು. ಯಾವ ತಂತ್ರಾಂಶವಾದರೂ ಅದರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪಾರಾಯಣದ ಹಾಗೆ ಓದುವವರು. ಯಾರೊಂದಿಗೂ ಏರಿದ ದನಿಯಲ್ಲಿ ಮಾತಾಡಿದವರಲ್ಲ.

ಸೇರಿದ ಎರಡನೇ ದಿನ ಬೆಳಿಗ್ಗೆ ಸರ್ವರ್ ಸ್ವಲ್ಪ ಕಾಟ ಕೊಟ್ಟಿತು. ನೆಟ್‌ವರ್ಕ್ ನೋಡಿಕೊಳ್ಳುವ ಆನ್ಸನ್ ಕಾವೂರಿನ ಅವರ ಮನೆಗೆ ಫೋನ್ ಹಚ್ಚಿದ. ಅವರು ದೇವರ ಮುಂದೆ ಕೂತಿದ್ದರಂತೆ. ಹೆಂಡತಿ ಗಿರಿಜಾ ಫೋನನ್ನು ಸ್ಪೀಕರಿಗೆ ಹಾಕಿ ಹತ್ತಿರ ಹಿಡಿದಿದ್ದರು. ಆನ್ಸನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

"ಸರ್, ಬೂತಾಯಿ ಸತ್ತುಹೋಗಿದೆ. ಅಂಜಲ್ ಇನ್ನೂ ಉಸಿರಾಡ್ತಾ ಉಂಟು. ಬಂಗುಡೆಯನ್ನು ಒಮ್ಮೆ ಕೊಂದು ಎಬ್ಬಿಸಲಾ?"

ಆ ಕಡೆಯಿಂದ ಮೊದಲು ಗಂಟೆಯ ಸದ್ದು ನಿಂತಿತು. ಆಮೇಲೆ ಹೆಂಗಸಿನ ದನಿ ಕೇಳಿಸಿತು: "ನೀವು ಆಫೀಸಿಗೆ ಸೇರಿದ್ದಾ, ಮೀನಿನ ಧಕ್ಕೆಗೆ ಸೇರಿದ್ದಾ?"

ಆನ್ಸನ್ ಈ ಕಥೆಯನ್ನು ಅಂದು ಮಧ್ಯಾಹ್ನದೊಳಗೆ ಮೂರೂ ಮಹಡಿಗೆ ಮುಟ್ಟಿಸಿದ. ಎಲ್ಲರೂ ನಕ್ಕರು. ಪ್ರಾಪ್ತಿಯೂ ನಕ್ಕಳು. ವಾರ ಕಳೆಯುವುದರೊಳಗೆ ಅವಳ ನಗೆ ನಿಂತಿತು.

ಶುಕ್ರವಾರ ವಿಷ್ಣುಮೂರ್ತಿ ಪ್ರಾಪ್ತಿ, ಆನ್ಸನ್ ಇಬ್ಬರನ್ನೂ ಕೂರಿಸಿ ಹೊಸ ಕ್ರಮ ಹೇಳಿದರು. ಬ್ಯಾಕಪ್‌ನ ಪುಟದಲ್ಲಿ ಇನ್ನು ಯಾರ ಪಾತ್ರ ಯಾರದೆಂದು ಗೊತ್ತಿರಬೇಕು. ಎಲ್ಲರ ಸೊಂಟದಲ್ಲೂ ಎಲ್ಲ ಬೀಗದ ಕೈ ಜೋತಾಡಬಾರದು. ಬ್ಯಾಂಕಿನಲ್ಲಿ ಹಾಗೇ ಇದ್ದದ್ದು. ಸದ್ಯಕ್ಕೆ ಅವರು ಅಡ್ಮಿನ್, ಪ್ರಾಪ್ತಿ ವ್ಯೂವರ್.

"ವ್ಯೂವರ್ ಅಂದ್ರೆ ಎಂತ ಮಾಡಬಹುದು ಸರ್?" ಪ್ರಾಪ್ತಿ ಕೇಳಿದಳು.

"ನೋಡಬಹುದು."

"ನೋಡಿ?"

"ನೋಡಿ ಸುಮ್ಮನಿರಬಹುದು," ಎಂದು ಅವರು ತಮ್ಮ ತಮಾಷೆಗೆ ತಾವೇ ನಕ್ಕರು.

ಪ್ರಾಪ್ತಿ ತನ್ನ ಮೇಜಿಗೆ ಬಂದು ಪುಟ ತೆರೆದಳು. ಎಲ್ಲವೂ ಇದ್ದಲ್ಲೇ ಇತ್ತು. 'ಮರಳಿಸು' ಗುಂಡಿಯೂ ಇತ್ತು, ಆದರೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒತ್ತಿದರೆ ಒತ್ತಿದ ಹಾಗೇ ಆಗುತ್ತಿರಲಿಲ್ಲ. ಮನೆಯೊಳಗೇ ಇದ್ದುಕೊಂಡು ಅಡುಗೆಕೋಣೆಗೆ ಕಾಲಿಡಬಾರದು ಎಂದು ಯಾರೋ ಹೇಳಿದ ಹಾಗಾಯಿತು ಅವಳಿಗೆ. ಆ ಗುಂಡಿ ತನಗೆ ವಾಪಸು ಬೇಕು. ಉಳಿದದ್ದೆಲ್ಲ ಏನಾದರೂ ಆಗಲಿ, ಅದೊಂದು ಬೇಕು. ಆದರೆ ಬಾಯಿ ಬಿಟ್ಟು ಕೇಳುವ ಜಾತಿ ಅವಳದಲ್ಲ.

ಭಾನುವಾರ ವಿಷ್ಣುಮೂರ್ತಿ ಮನೆಯಲ್ಲಿ ಕೂತು, ಯಾರನ್ನೂ ಕೇಳದೆ, ಹದಿನೇಳು ಯಂತ್ರಗಳಿಗೂ ಹೆಸರು ಬದಲಿಸಿದರು. ಸೋಮವಾರ ಪ್ರಾಪ್ತಿ ಪುಟ ತೆರೆದಾಗ ಮೀನೆಲ್ಲ ಮಾಯವಾಗಿ ತುಳಸಿ, ಮಲ್ಲಿಗೆ, ಕೇಪುಳ, ಕರವೀರ, ಪಾರಿಜಾತ ಎಂದು ಹೂಬುಟ್ಟಿ ಹರಡಿದ ಹಾಗಿತ್ತು. ಅವಳು ಒಂದು ಗಳಿಗೆ ಸುಮ್ಮನೆ ನೋಡಿದಳು. ಆಮೇಲೆ ಬ್ಯಾಕಪ್‌ನ ಸಾಲು ನೋಡಿದಳು. ನಿಯಮ ಹಾಗೇ ಇತ್ತು: ಹೆಸರಿನ ಮೊದಲಿಗೆ ಮೀನ್ ಎಂದು ಇರುವುದನ್ನೆಲ್ಲ ನಕಲು ಮಾಡು. ಅಂಥದ್ದು ಈಗ ಒಂದೂ ಇರಲಿಲ್ಲ. ತಂತ್ರಾಂಶ ಹುಡುಕಿ, ಏನೂ ಸಿಗದೆ, ತನ್ನ ಕೆಲಸ ಮುಗಿಯಿತೆಂದು ಹಸಿರು ಗುರುತು ಹಾಕಿ ಮಲಗಿತ್ತು. 'ಬ್ಯಾಕಪ್ ಯಶಸ್ವಿ. ಯಂತ್ರಗಳು: ಸೊನ್ನೆ.'

ಹೇಳಬೇಕು ಎಂದು ಅವಳು ಎದ್ದದ್ದು ನಿಜ. ಅವರ ಕ್ಯಾಬಿನ್ನಿನ ಬಾಗಿಲವರೆಗೆ ಹೋದದ್ದೂ ನಿಜ.

"ಬನ್ನಿ ಪ್ರಾಪ್ತಿ. ಹೆಸರು ಹೇಗುಂಟು?" ಎಂದರು ವಿಷ್ಣುಮೂರ್ತಿ. ಅವರ ಪರದೆಯ ಮೇಲೂ ಆ ಹಸಿರು ಗುರುತು ಹೊಳೆಯುತ್ತಿತ್ತು.

"ಚಂದ ಉಂಟು ಸರ್."

"ಎಂತಾದರೂ ಹೇಳಲಿಕ್ಕುಂಟಾ?"

ನಾಲಿಗೆಯ ತುದಿಯಲ್ಲೇ ಇತ್ತು. ಅದೇ ಹೊತ್ತಿಗೆ ಶುಕ್ರವಾರದ ಅವರ ನಗು ನೆನಪಾಗಿ ಒಳಗೆ ಏನೋ ಒಂದು ಗೆಜ್ಜೆ ಕಟ್ಟಿಕೊಂಡು ಕುಣಿಯಿತು.

"ನಾನು ವ್ಯೂವರ್ ಅಲ್ವಾ ಸರ್."

ಅವರು ನಕ್ಕರು. ಅವಳೂ ನಕ್ಕು ವಾಪಸು ಬಂದಳು.

ಮೌನದಲ್ಲಿ ಹಲವು ಬಗೆ ಇದೆ ಎಂದು ಪ್ರಾಪ್ತಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಬಾಯ್ತುಂಬ ಮಾತಾಡುವವರ ಮನೆಯಲ್ಲಿ ಬೆಳೆದವಳು. ಸಿಟ್ಟಿನ ಮೌನ, ಹೆದರಿಕೆಯ ಮೌನ, ಏನೂ ಹೊಳೆಯದವರ ಮೌನ, ಎಲ್ಲವನ್ನೂ ದೂರದಿಂದಲೇ ಗುರುತಿಸುತ್ತಿದ್ದಳು. ಈಗಿನದು ಬೇರೆ. ಇದು ಬೆಲ್ಲದ ಹಾಗೆ ದವಡೆಯಲ್ಲಿ ಇಟ್ಟುಕೊಳ್ಳುವಂಥದ್ದು. ದಿನ ಬೆಳಗಾದರೆ ಪುಟ ತೆರೆದು, ಸೊನ್ನೆಯನ್ನು ಒಮ್ಮೆ ನೋಡಿ, ಸ್ವಲ್ಪ ಚೀಪಿ, ಮುಚ್ಚುತ್ತಿದ್ದಳು. ಒಂದಲ್ಲ ಒಂದು ದಿನ ಯಾರದೋ ಕಡತ ಹೋಗುತ್ತದೆ. ಅವರು ಗುಂಡಿ ಒತ್ತುತ್ತಾರೆ, ಏನೂ ಬರುವುದಿಲ್ಲ. ಆಗ ಕರೆಯುತ್ತಾರೆ. ಹೋದದ್ದು ಹಾಜರಿಯ ಯಂತ್ರವಾದರೆ ಇನ್ನೂ ಚಂದ, ಅದು ಹೋದರೆ ಯಾರೂ ಅಳುವುದಿಲ್ಲ.

ಒಂದು ದಿನ ಚಹಾದ ಹೊತ್ತಿಗೆ ಆನ್ಸನಿಗೆ ಮಾತ್ರ ತೋರಿಸಿದಳು. ಅವನು ಪರದೆಯತ್ತ ಬಗ್ಗಿ ಓದಿ, ಬಾಯಲ್ಲಿದ್ದ ಬಿಸ್ಕುಟನ್ನು ಅಗಿಯಲು ಮರೆತ.

"ಹೇಳಿಬಿಡು ಮಾರಾಯ್ತಿ. ಇದು ತಮಾಷೆ ಅಲ್ಲ."

"ನಾಳೆ ಹೇಳ್ತೇನೆ."

"ನಿನ್ನೆಯೂ ನಾಳೆ ಇತ್ತು."

"ನೀನೇ ಹೇಳು ಹಾಗಾದ್ರೆ."

"ನಾನಾ? ಅವರ ಮನೆಗೆ ಒಮ್ಮೆ ಫೋನ್ ಮಾಡಿದ್ದು ಸಾಕು ನನಗೆ. ಇನ್ನು ಆ ಮನೆಯವರ ಮುಂದೆ ಮೀನಿನ ಸುದ್ದಿ ತೆಗೆಯಲಿಕ್ಕಿಲ್ಲ."

ಅದೇ ವಾರ ಆಫ್ರಿಕಾದಿಂದ ಗೇರುಬೀಜದ ಹಡಗೊಂದು ಹೊರಟಿತ್ತು. ಅದರ ಕಾಗದಪತ್ರ ಲೆಕ್ಕ ವಿಭಾಗದ ಕುಶಲಾ ಅವರ ತಲೆಯ ಮೇಲೆ. ಎಲ್ಲರಿಗೂ ಅವರು ಕುಶಲಕ್ಕ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಇಡೀ ವಾರ ಟೈಪು ಮಾಡಿದರು. ಮಧ್ಯಾಹ್ನ ಪ್ರಾಪ್ತಿಯ ಬುತ್ತಿಗೆ ತಮ್ಮ ಡಬ್ಬಿಯಿಂದ ಒಂದು ಚಮಚ ಚಟ್ನಿ ಹಾಕುವಾಗಲೂ ಬಾಯಲ್ಲಿ ಚೀಲಗಳ ಲೆಕ್ಕವೇ. ಪ್ರಾಪ್ತಿ ಆ ಚಟ್ನಿ ತಿಂದಳು. ಕುಶಲಕ್ಕ ಟೈಪು ಮಾಡುತ್ತಿರುವುದು ಅಂಜಲ್‌ನೊಳಗೆ, ಅಂದರೆ ಈಗಿನ ತುಳಸಿಯೊಳಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಆ ಯೋಚನೆ ಬಂದಾಗಲೆಲ್ಲ, ಅದು ಗಟ್ಟಿ ಯಂತ್ರ, ಅದಕ್ಕೇನೂ ಆಗುವುದಿಲ್ಲ ಎಂದು ಪಕ್ಕಕ್ಕೆ ಸರಿಸುತ್ತಿದ್ದಳು.

ಮುಂದಿನ ಮಂಗಳವಾರ ಬೆಳಿಗ್ಗೆ ಲೆಕ್ಕದ ತಂತ್ರಾಂಶದವರು ಎಲ್ಲೋ ಕೂತು ಅದಕ್ಕೆ ಹೊಸ ಆವೃತ್ತಿ ಹಾಕಿದರು. ತುಳಸಿ ಒಮ್ಮೆ ಕಣ್ಣು ಮುಚ್ಚಿತು, ಮತ್ತೆ ತೆರೆಯಲಿಲ್ಲ.

ಕುಶಲಕ್ಕ ಕ್ಯಾಬಿನ್ನಿನ ಬಾಗಿಲಲ್ಲಿ ಬಂದು ನಿಂತರು. ಹಡಗು ಬಂದರಿನ ಹೊರಗೆ ಲಂಗರು ಹಾಕಿದೆ, ಸಂಜೆಯೊಳಗೆ ಕಾಗದ ಹೋಗದಿದ್ದರೆ ಒಳಗೆ ಬಿಡುವುದಿಲ್ಲ. ಅವರು ಅಳಲಿಲ್ಲ, ಕೂಗಲೂ ಇಲ್ಲ. "ಒಂದು ವಾರದ್ದು ಸರ್," ಎಂದಷ್ಟೇ ಹೇಳಿದರು. ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿ, ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡರು.

"ಹೆದರಬೇಡಿ. ನಿನ್ನೆ ರಾತ್ರಿಯ ಬ್ಯಾಕಪ್ ಉಂಟು," ಎಂದು ವಿಷ್ಣುಮೂರ್ತಿ ಪುಟ ತೆರೆದರು. ತುಳಸಿಯ ಮೇಲೆ ಒತ್ತಿದರು. 'ನಕಲು ಇಲ್ಲ.' ಮಲ್ಲಿಗೆ. 'ನಕಲು ಇಲ್ಲ.' ಕೇಪುಳ. ಪಾರಿಜಾತ. ಅವರು ಒಂದೊಂದನ್ನೇ ಒತ್ತುತ್ತಾ ಕೊನೆಯವರೆಗೆ ಹೋದರು. ಆಮೇಲೆ ನಿಯಮದ ಸಾಲು ಓದಿದರು. ಒಮ್ಮೆ ಓದಿದ್ದು ಸಾಕಾಯಿತು. ಪ್ರಾಪ್ತಿಯನ್ನು ಕರೆದರು.

ವಾರದಿಂದ ಅವಳು ಕಾದದ್ದು ಈ ಗಳಿಗೆಗೇ. ಆದರೆ ಬಾಗಿಲಲ್ಲಿ ಕುಶಲಕ್ಕನನ್ನು ದಾಟಿ ಒಳಗೆ ಬರಬೇಕಾಯಿತು.

"ನೀವು ಇದನ್ನು ನೋಡಿದ್ದೀರಿ," ಎಂದರು ವಿಷ್ಣುಮೂರ್ತಿ. ಅದು ಪ್ರಶ್ನೆಯಾಗಿರಲಿಲ್ಲ.

"ನೋಡಿದ್ದೇನೆ ಸರ್."

"ಎಷ್ಟು ಸಲ?"

"ದಿನಾ."

ಅವರು ತಲೆಯಾಡಿಸಿದರು. ಬೈಯುತ್ತಾರೆ ಎಂದು ಅವಳು ಹೆಗಲು ಬಿಗಿ ಮಾಡಿಕೊಂಡಿದ್ದಳು. ಬೈಗುಳ ಬರಲಿಲ್ಲ, ಬಿಗಿ ಮಾಡಿದ ಹೆಗಲು ಹಾಗೇ ಉಳಿಯಿತು.

"ಹಳೆಯ ನಕಲು?"

"ಹಳೇ ಹೆಸರಿನಲ್ಲಿ ಇದ್ದೇ ಉಂಟು ಸರ್. ಕೆಳಗೆ."

ಅವರು ಪುಟವನ್ನು ಕೆಳಕ್ಕೆ ಸರಿಸಿದರು. ಹದಿನೇಳು ಮೀನುಗಳು ಬೇರೆಯೇ ಕ್ರಮದಲ್ಲಿ ಸಾಲಾಗಿ ಮಲಗಿದ್ದವು. ವಿಷ್ಣುಮೂರ್ತಿಯವರ ಬೆರಳು ಅವುಗಳ ಮೇಲೆ ಗಾಳಿಯಲ್ಲಿ ಅಲೆದಾಡಿತು.

"ಇದರಲ್ಲಿ ತುಳಸಿ ಯಾವುದು?"

"ನೀವೇ ಹೆಸರಿಟ್ಟದ್ದಲ್ವಾ ಸರ್?"

"ನನಗೆ ಎಲ್ಲವೂ ಮೀನೇ," ಎಂದರು ಅವರು ಗಂಭೀರವಾಗಿ. ಬಾಗಿಲ ಆಚೆ ಆನ್ಸನ್ ಕೆಮ್ಮಿದ. "ಮೇಲಿನಿಂದ ಕೆಳಗೆ ಬರೆಯುತ್ತಾ ಹೋದೆ. ಯಾವುದು ಯಾವುದಾಯಿತೆಂದು ಗುರುತು ಇಡಲಿಲ್ಲ."

"ಅಂಜಲ್ ಸರ್. ಕುಶಲಕ್ಕನದ್ದು ಅಂಜಲ್."

"ಅದಕ್ಕೆ ಯಾಕೆ ಆ ಹೆಸರು?"

"ಎಲ್ಲದಕ್ಕಿಂತ ರೇಟು ಜಾಸ್ತಿ ಸರ್. ಮುಳ್ಳು ಕಡಿಮೆ. ಲೆಕ್ಕದಲ್ಲಿ ಗಂಟಲಿಗೆ ಸಿಕ್ಕುವಂಥದ್ದು ಇರಬಾರದಲ್ಲ."

"ಮೇಲ್?"

"ಬೂತಾಯಿ. ಎಲ್ಲರಿಗೂ ದಿನಾ ಬೇಕು. ತುಂಬ ಬರ್ತದೆ. ಒಂದು ದಿನ ಬಿಟ್ಟರೆ ವಾಸನೆ."

ವಿಷ್ಣುಮೂರ್ತಿ ಪಟ್ಟಿಯಿಂದ ಕಣ್ಣೆತ್ತಿದರು. "ನಾನೂ ಸುಮ್ಮನೆ ಇಟ್ಟದ್ದಲ್ಲ. ತುಳಸಿ ಇಲ್ಲದೆ ಪೂಜೆ ಇಲ್ಲ, ಅದಕ್ಕೇ ಪಟ್ಟಿಯ ಮೇಲಿಟ್ಟೆ." ಅಷ್ಟು ಹೇಳಿ ಪುಟದ ಇನ್ನೊಂದು ಮೂಲೆಗೆ ಹೋದರು. ಅಲ್ಲಿ ಎಲ್ಲರ ಪಾತ್ರಗಳಿದ್ದವು. ಪ್ರಾಪ್ತಿ ಎಂಬ ಹೆಸರಿನ ಎದುರು ವ್ಯೂವರ್ ಅಳಿಸಿ ಅಡ್ಮಿನ್ ಎಂದು ಮಾಡಿದರು. ಆಮೇಲೆ ತಮ್ಮ ಹೆಸರಿನ ಎದುರಿದ್ದ ಅಡ್ಮಿನ್ ಅಳಿಸಿ ವ್ಯೂವರ್ ಎಂದು ಮಾಡಿದರು. ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟು, ಪಕ್ಕದಲ್ಲಿ, ಕಂಪ್ಯೂಟರ್ ಡಬ್ಬದ ಹತ್ತಿರ, ಒಂದು ಸ್ಟೂಲು ಎಳೆದು ಕೂತರು.

"ಕೂತುಕೊಳ್ಳಿ. ನಾನು ನೋಡ್ತೇನೆ."

ಪ್ರಾಪ್ತಿ ಕೂತು ತನ್ನ ಹೆಸರಿನಲ್ಲಿ ಪುಟ ತೆರೆದಳು. ಗುಂಡಿಗೆ ನೀಲಿ ಬಣ್ಣ ಬಂದಿತ್ತು. ಪ್ರಾಪ್ತಿಯ ಎದೆಯೂ ಸ್ವಲ್ಪ ಉಬ್ಬಿತು, ಸುಳ್ಳು ಯಾಕೆ ಹೇಳಬೇಕು. ಕೈ ತಾನಾಗಿಯೇ ಓಡಿತು. ಅಂಜಲ್. ಕೊನೆಯ ನಕಲು. ಮರಳಿಸು. ಎಲ್ಲಿಗೆ ಎಂದು ಪುಟ ಕೇಳಿತು. 'ಈಗಿರುವ ಯಂತ್ರದ ಮೇಲೆಯೇ' ಎಂದು ಗುರುತು ಹಾಕಿದಳು. ವರ್ಷಗಳಿಂದ ಹಾಗೇ ಹಾಕಿ ಅಭ್ಯಾಸ. ಇನ್ನು ಒಂದು ಒತ್ತು ಬಾಕಿ.

ಕೋಣೆಯಲ್ಲಿ ಸದ್ದಿರಲಿಲ್ಲ. ಆ ನಿಶ್ಶಬ್ದದಲ್ಲಿ ಏನೋ ಒಂದು ಅವಳ ಕಿವಿಗೆ ತಗುಲಿತು. ತಿರುಗಿ ನೋಡಿದಳು. ವಿಷ್ಣುಮೂರ್ತಿ ತುಂಬ ವಿನಯದಿಂದ ಪರದೆಯನ್ನೇ ನೋಡುತ್ತಾ ಕೂತಿದ್ದರು. ತುಟಿ ಸಡಿಲವಾಗಿ ಮುಚ್ಚಿತ್ತು. ದವಡೆಯಲ್ಲಿ ಏನೋ ಸಿಹಿ ಇಟ್ಟುಕೊಂಡವರ ಮುಖ. ಈ ಮೌನ ಅವಳಿಗೆ ಗುರುತಿತ್ತು. ವಾರವಿಡೀ ಅವಳ ಬಾಯಲ್ಲಿದ್ದದ್ದೇ ಅದು.

ಬೆರಳು ಎತ್ತಿದಳು.

"ಸರ್, ಎಂತದೋ ಉಂಟು."

"ನಾನು ವ್ಯೂವರ್."

"ಸರ್, ಹೇಳಿ."

"ವ್ಯೂವರ್ ನೋಡಿ ಸುಮ್ಮನಿರುವುದು."

ಅವಳು ಪರದೆಯನ್ನು ಮತ್ತೆ ಓದಿದಳು. ಈ ಸಲ ಕೈಯಿಂದಲ್ಲ, ಕಣ್ಣಿನಿಂದ. ನಕಲು ಇರುವುದು ಹೆಸರು ಬದಲಾಗುವ ಮೊದಲಿನದ್ದು. ಕುಶಲಕ್ಕನ ವಾರದ ಕೆಲಸ ಅದರಲ್ಲಿಲ್ಲ. ಅದು ಇರುವುದು ಸತ್ತು ಬಿದ್ದ ಯಂತ್ರದ ಡಿಸ್ಕಿನಲ್ಲಿ ಮಾತ್ರ. ಯಂತ್ರ ಏಳುವುದಿಲ್ಲ, ಆದರೆ ಡಿಸ್ಕಿಗೆ ಏನೂ ಆಗಿಲ್ಲ. ಹಿಂದಿನ ರಾತ್ರಿಯ ನಕಲು ಇದ್ದ ಕಾಲದಲ್ಲಿ ಮೇಲಿನಿಂದ ಬರೆದರೆ ಏನೂ ನಷ್ಟವಿರಲಿಲ್ಲ. ಈಗ ಬರೆದರೆ, ಉಳಿದಿದ್ದ ಒಂದೇ ಒಂದು ಪ್ರತಿಯನ್ನು ಅವಳೇ, ತನ್ನ ಕೈಯಿಂದಲೇ, ಒರೆಸಿ ಹಾಕಿದ ಹಾಗೆ.

ರದ್ದು ಮಾಡಲು ಬಾಣದ ಗುರುತನ್ನು ಸರಿಸಲು ಹೋದಳು. ಅದು ಕದಲಲಿಲ್ಲ.

"ಮೌಸ್ ಹೋಯ್ತು ಸರ್."

"ಹೋಗಲಿಲ್ಲ. ಇಲ್ಲಿ ಉಂಟು." ವಿಷ್ಣುಮೂರ್ತಿ ಕೈ ಎತ್ತಿದರು. ಡಬ್ಬದಿಂದ ಕಿತ್ತ ಮೌಸಿನ ವಯರಿನ ತುದಿ ಅವರ ಎರಡು ಬೆರಳುಗಳ ನಡುವೆ ಜನಿವಾರದ ಹಾಗೆ ಜೋತಾಡುತ್ತಿತ್ತು.

"ಯಾವಾಗ ತೆಗೆದದ್ದು?"

"ನೀವು 'ಈಗಿರುವ ಯಂತ್ರದ ಮೇಲೆಯೇ' ಅಂತ ಹಾಕಿದಿರಲ್ಲ, ಆಗ. ಕೈಪಿಡಿಯಲ್ಲಿ ಆ ಪುಟಕ್ಕೆ ಕೆಂಪು ಚೌಕಟ್ಟು ಉಂಟು."

ಪ್ರಾಪ್ತಿ ಆ ವಯರನ್ನೇ ನೋಡಿದಳು. ಅವರೂ ಸುಮ್ಮನಿದ್ದರು, ಅವಳೂ ವಾರವಿಡೀ ಸುಮ್ಮನಿದ್ದಳು. ಆದರೆ ಅವರು ಸುಮ್ಮನಿರುವಾಗ ವಯರನ್ನು ಹಿಡಿದುಕೊಂಡಿದ್ದರು. ಅವಳು ಬಾಗಿಲ ಕಡೆ ನೋಡಿದಳು. ಕುಶಲಕ್ಕ ಇನ್ನೂ ಕನ್ನಡಕವನ್ನು ಕೈಯಲ್ಲೇ ಹಿಡಿದು ನಿಂತಿದ್ದರು.

"ಅಕ್ಕ, ಕೂತುಕೊಳ್ಳಿ. ಸಿಗ್ತದೆ," ಎಂದಳು. ದನಿ ತನ್ನದೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ. "ತಪ್ಪು ನಂದು. ನನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತಾ? ನನ್ನ ಚಟ್ನಿ ತಿಂದುಕೊಂಡು?" ಎಂದರು ಕುಶಲಕ್ಕ. ಎಲ್ಲ ಬೈಗುಳವೂ ಆ ನಾಲ್ಕು ಮಾತಿನಲ್ಲಿ ಬಂತು.

ವಿಷ್ಣುಮೂರ್ತಿ ವಯರನ್ನು ಮತ್ತೆ ಸಿಕ್ಕಿಸಿದರು. ಪ್ರಾಪ್ತಿ ಹಳೆಯ ಅಂಜಲನ್ನು ಯಾರ ಮೇಲೂ ಬರೆಯದೆ ಪ್ರತ್ಯೇಕ ಯಂತ್ರವಾಗಿ ಎಬ್ಬಿಸಿದಳು. ತುಳಸಿಯ ಡಿಸ್ಕನ್ನು ಅದರ ಪಕ್ಕಕ್ಕೆ ಜೋಡಿಸಿ, ಒಳಗಿಂದ ವಾರದ ಕಡತಗಳನ್ನು ಒಂದೊಂದಾಗಿ ಈಚೆಗೆ ತೆಗೆದಳು. ನಡುವೆ ಎರಡು ಸಲ ನಿಂತು ಪಕ್ಕಕ್ಕೆ ನೋಡಿದಳು. ಎರಡು ಸಲವೂ ವಿಷ್ಣುಮೂರ್ತಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಹಾಗಾದರೆ ಸರಿ ಇದೆ ಎಂದು ಮುಂದುವರಿದಳು. ಕುಶಲಕ್ಕ ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಚೀಲಗಳ ಲೆಕ್ಕ ಸರಿಯಿದೆಯೆಂದು ಕಂಡ ಮೇಲೆ, ಅವಳ ತಲೆಗೆ ಒಂದು ಮೊಟಕಿ ತಮ್ಮ ಮೇಜಿಗೆ ಓಡಿದರು. ಬಿಸಿಲು ಇಳಿಯುವ ಮೊದಲು ಕಾಗದ ಹೋಯಿತು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಇನ್ನು ನಿಮ್ಮ ಕುರ್ಚಿ ಸರ್," ಎಂದು ಪ್ರಾಪ್ತಿ ಏಳಲು ಹೋದಳು.

"ಕೂತು ಏನು ಮಾಡಲಿ? ನಾನೀಗ ವ್ಯೂವರ್. ಒತ್ತಿದರೆ ಒತ್ತಿದ ಹಾಗೇ ಆಗುವುದಿಲ್ಲ," ಎಂದರು ವಿಷ್ಣುಮೂರ್ತಿ. "ನನ್ನನ್ನು ಎತ್ತುವುದಾದರೆ ನೀವೇ ಎತ್ತಬೇಕು."

ಅದು ಅವಳಿಗೆ ಹೊಳೆದೇ ಇರಲಿಲ್ಲ. ಪಾತ್ರಗಳ ಪುಟ ತೆರೆದಳು. ಅವರನ್ನು ಹೀಗೇ ಬಿಟ್ಟರೆ ಗುಂಡಿ ತನ್ನೊಬ್ಬಳದೇ. ಅವರನ್ನು ಅಡ್ಮಿನ್ ಮಾಡಿದರೆ ಮರುಗಳಿಗೆಯಲ್ಲಿ ಅವರು ತನ್ನನ್ನು ಮತ್ತೆ ಬೂದಿ ಬಣ್ಣಕ್ಕೆ ಇಳಿಸಬಹುದು. ಕಿಟಕಿಯಾಚೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಕೀ ಕೀ ಎನ್ನುತ್ತಿತ್ತು. ಅದು ನಿಲ್ಲುವವರೆಗೂ ಅವಳು ಯೋಚಿಸಿದಳು. ಆಮೇಲೆ ಅವರ ಹೆಸರಿನ ಎದುರು ಒಂದೊಂದೇ ಚೌಕಕ್ಕೆ ಗುರುತು ಹಾಕಿದಳು. ನೋಡುವುದು. ನಕಲು ತೆಗೆಯುವುದು. ಮರಳಿಸುವುದು. ಪಾತ್ರ ಹಂಚುವುದು. ತನಗೂ ಅಷ್ಟನ್ನೇ ಇಟ್ಟುಕೊಂಡಳು. 'ಹೆಸರು ಬದಲಿಸುವುದು' ಎಂಬಲ್ಲಿ ನಿಂತಳು.

"ಅದು?" ಎಂದರು ಅವರು.

"ಬೇಡ ಸರ್."

"ನನಗೆ ಮಾತ್ರವಾ?"

"ನನಗೂ ಬೇಡ."

"ಹಾಗಾದರೆ ಆ ಅಂಜಲ್ ಹೂಗಳ ಮಧ್ಯೆ ಹಾಗೇ ಇರ್ತದಾ?"

"ಇರ್ತದೆ ಸರ್. ಬದಲಿಸುವವರು ಯಾರೂ ಇಲ್ಲ ಈಗ. ಬ್ಯಾಕಪ್‌ನ ನಿಯಮ ಮಾತ್ರ ಸರಿ ಮಾಡಿದ್ದೇನೆ. ಹೆಸರು ಯಾವುದೇ ಇರಲಿ, ಎಲ್ಲವನ್ನೂ ತೆಗೆದುಕೊಳ್ತದೆ."

ವಿಷ್ಣುಮೂರ್ತಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಅವರ ಹುಬ್ಬು ಒಮ್ಮೆ ಏರಿ ಇಳಿಯಿತು. ಒಪ್ಪಿಗೆಯೋ ಶರಣಾಗತಿಯೋ, ಎರಡರ ನಡುವಿನ ಏನೋ ಒಂದು.

ಉಳಿದದ್ದು 'ಅಳಿಸುವುದು' ಎಂಬ ಕೊನೆಯ ಚೌಕ. ಅದನ್ನು ಇಬ್ಬರೂ ಒಪ್ಪಿದರೆ ಮಾತ್ರ ಆಗುವ ಹಾಗೆ ಇಡೋಣ ಎಂದು ಅವರೇ ಸೂಚಿಸಿದರು. ಕೈಪಿಡಿಯಲ್ಲಿ ಅದಕ್ಕೂ ದಾರಿ ಇತ್ತು. ಪ್ರಾಪ್ತಿ ಹಾಗೇ ಮಾಡಿ, ಸತ್ತು ಬಿದ್ದಿದ್ದ ಯಂತ್ರದ ಮೇಲೆ ಬಾಣದ ಗುರುತನ್ನು ತಂದಳು.

"ಇದರಲ್ಲಿ ಇನ್ನೇನೂ ಇಲ್ಲ ಸರ್. ಸುಮ್ಮನೆ ಜಾಗ ತಿನ್ನುತ್ತಾ ಉಂಟು. ನಾನು ಒತ್ತಿದ್ದೇನೆ. ನಿಮ್ಮದೊಂದು ಒಪ್ಪಿಗೆ ಒತ್ತಿದರೆ ತುಳಸಿ ಹೋಗ್ತದೆ."

ವಿಷ್ಣುಮೂರ್ತಿ ಮೌಸಿನ ಮೇಲೆ ಕೈಯಿಟ್ಟರು. ಮತ್ತೆ ತೆಗೆದರು. ಕಿಟಕಿಯ ಕಡೆ ನೋಡಿದರು. ಹೊರಗೆ ದೀಪ ಹಚ್ಚುವ ಹೊತ್ತಾಗಿತ್ತು.

"ಇವತ್ತು ಮಂಗಳವಾರ," ಎಂದರು. "ಅದರ ಮೇಲೆ ಮುಸ್ಸಂಜೆ. ಈ ಹೊತ್ತಿಗೆ ತುಳಸಿ ಕೀಳುವ ಕ್ರಮ ಇಲ್ಲ."

ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಎಂದು ಪ್ರಾಪ್ತಿ ಅವರ ಮುಖವನ್ನು ಚೆನ್ನಾಗಿ ನೋಡಿದಳು. ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

"ಮತ್ತೆ ಯಾವಾಗ ಸರ್?"

"ನಾಳೆ ಸ್ನಾನ ಮಾಡಿ ಬರ್ತೇನೆ," ಎಂದು ಅವರು ಚೀಲ ಹೆಗಲಿಗೆ ಹಾಕಿಕೊಂಡರು. "ನೀವೂ ಹಾಗೇ ಬನ್ನಿ. ಇಬ್ಬರೂ ಸೇರಿ ಒತ್ತುವ."